ಅಂಬುಜಮ್ಮ ಪಣಕ್ಕಿಟ್ಟ ಮೀಸೆ

ಹೆಂಡತಿಯನ್ನು ಪಣಕ್ಕಿಟ್ಟು ಸೋತ ಗಂಡಂದಿರ ಕಥೆ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಗಂಡನ ಮೀಸೆಯನ್ನು, ಅದೂ ಅವನನ್ನು ಒಂದು ಮಾತು ಕೇಳದೆ, ಅಂಚೆ ಕಾರ್ಡಿನ ಮೇಲೆ ಪಣಕ್ಕಿಟ್ಟ ಹೆಂಡತಿ ಮಾತ್ರ ಗುಬ್ಬಿಯ ಅಂಬುಜಮ್ಮ ಒಬ್ಬಳೇ ಇರಬೇಕು.

ಆ ಮೀಸೆಯೂ ಸಾಮಾನ್ಯದ್ದಲ್ಲ. ಅವಳ ಗಂಡ ಅನಂತರಾಮಯ್ಯನವರು ಊರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಸ್ವಭಾವದಲ್ಲಿ ಹಸುವಿನಂಥವರು. ಯಾವ ಹುಡುಗನಿಗೂ ಒಂದೇಟು ಕೊಟ್ಟವರಲ್ಲ, ಜೋರಾಗಿ ಗದರಿದವರೂ ಅಲ್ಲ. ಆದರೂ ನಾನೂರು ಹುಡುಗರು ಅವರೆದುರು ತುಟಿಪಿಟಕ್ಕೆನ್ನದೆ ಸಾಲಾಗಿ ನಿಲ್ಲುತ್ತಿದ್ದರೆಂದರೆ ಅದು ಮೀಸೆಯ ಪ್ರಭಾವ. ದಟ್ಟವಾಗಿ ಹೊರಟು, ಕೆನ್ನೆಯ ಅರ್ಧಕ್ಕೆ ಬಂದು, ಅಲ್ಲಿಂದ ಮೇಲಕ್ಕೆ ತಿರುಗಿಕೊಂಡ ಮೀಸೆ. ಶಿಸ್ತಿನ ಕೆಲಸವನ್ನೆಲ್ಲ ಅದಕ್ಕೆ ವಹಿಸಿ ಮೇಷ್ಟ್ರು ಹಾಯಾಗಿದ್ದರು. ಮನೆಯಲ್ಲಂತೂ ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ, "ಹೂಂ". ಸಾರಿಗೆ ಉಪ್ಪು ಕಮ್ಮಿಯಾಯ್ತಾ ಎಂದರೆ ಹೂಂ. ಜಾಸ್ತಿಯಾಯ್ತಾ ಎಂದರೆ ಅದಕ್ಕೂ ಹೂಂ. ಇಬ್ಬರು ಮಕ್ಕಳೂ ತುಮಕೂರಿನ ಹಾಸ್ಟೆಲ್ಲು ಸೇರಿದ ಮೇಲೆ ಅಂಬುಜಮ್ಮನಿಗೆ ದಿನವಿಡೀ ಕೇಳಲು ಸಿಗುತ್ತಿದ್ದದ್ದು ಆ ಹೂಂ ಮಾತ್ರ.

ಅವಳಿಗೆ ರಾಜಕೀಯದ ಹುಚ್ಚು ಹತ್ತಿದ್ದು ಸೊಸೈಟಿಯ ಕ್ಯೂನಲ್ಲಿ. ಸೀಮೆಎಣ್ಣೆ ಡಬ್ಬ ಹಿಡಿದು ಬಿಸಿಲಲ್ಲಿ ಎರಡೆರಡು ಗಂಟೆ ನಿಂತರೆ ಯಾರಿಗಾದರೂ ಸರ್ಕಾರದ ಬಗ್ಗೆ ಒಂದು ಅಭಿಪ್ರಾಯ ಹುಟ್ಟಿಯೇ ಹುಟ್ಟುತ್ತದೆ. ಉಳಿದವರಿಗೆ ಹುಟ್ಟಿದ್ದು ಸಿಟ್ಟು, ಅಂಬುಜಮ್ಮನಿಗೆ ಹುಟ್ಟಿದ್ದು ಅಭಿಮಾನ. ದೆಹಲಿಯಲ್ಲಿ ಕೂತ ಹೆಂಗಸು ಕಳಿಸುವುದನ್ನೆಲ್ಲ ಸರಿಯಾಗಿಯೇ ಕಳಿಸುತ್ತಾಳೆ, ದಾರಿಯಲ್ಲಿರುವ ಗಂಡಸರು ನುಂಗುತ್ತಾರೆ ಎಂಬುದು ಅವಳ ಸಿದ್ಧಾಂತ. ಹಸ್ತದ ಗುರುತೆಂದರೆ ಅವಳಿಗೆ ಪ್ರಾಣ. ಈ ಸಿದ್ಧಾಂತವನ್ನು ಅವಳು ತುಮಕೂರಿನಿಂದ ಬರುತ್ತಿದ್ದ ಒಂದು ಪತ್ರಿಕೆಯ ಓದುಗರ ಅಂಕಣಕ್ಕೆ ಮೂರು ಸಲ ಬರೆದು ಕಳಿಸಿದಳು. ಮೂರೂ ಎಲ್ಲಿ ಹೋದವೋ ದೇವರಿಗೇ ಗೊತ್ತು. ನಾಲ್ಕನೆಯ ಸಲ ಅವೇ ಮಾತುಗಳನ್ನು ಬರೆದು, ಕೆಳಗೆ ಮಾತ್ರ "ಎಂ. ಅನಂತರಾಮಯ್ಯ, ಗುಬ್ಬಿ" ಎಂದು ಗಂಡನ ಹೆಸರು ಹಾಕಿದಳು. ವಾರದೊಳಗೆ ಅಚ್ಚಾಗಿ ಬಂತು.

ಅಚ್ಚಾದ ನಾಲ್ಕನೇ ದಿನಕ್ಕೆ ಕುಣಿಗಲ್ಲಿನಿಂದ ಒಂದು ಕಾರ್ಡು ಬಂತು. ಇದು ಎಂಬತ್ತೆರಡನೇ ಇಸವಿಯ ಬೇಸಗೆಯ ಮಾತು.

"ಮಾನ್ಯರೇ, ನಿಮ್ಮ ಪತ್ರ ಓದಿದೆ. ಇಷ್ಟು ಒಳ್ಳೆಯ ಕನ್ನಡದಲ್ಲಿ ಇಷ್ಟೊಂದು ತಪ್ಪು ಹೇಳುವವರನ್ನು ನಾನು ಈವರೆಗೆ ಕಂಡಿಲ್ಲ. ಬ್ರೇಕಿಲ್ಲದ ಸೈಕಲ್ಲಿಗೆ ಬಣ್ಣ ಹೊಡೆದು ಕೊಟ್ಟ ಹಾಗಿದೆ. ನಿಮ್ಮ ತಪ್ಪುಗಳು ಒಟ್ಟು ಐದು" ಎಂದು ಶುರುವಾಗಿ, ಒಂದೊಂದನ್ನೇ ಬಿಡಿಸಿ, ಜಾಗ ಸಾಲದೆ ಐದನೇ ತಪ್ಪು ವಿಳಾಸದ ಸುತ್ತ ಪ್ರದಕ್ಷಿಣೆ ಹಾಕಿತ್ತು. ಕೊನೆಗೆ ಸಹಿ: ಮುಖ್ತಾರ್ ಅಹಮದ್, ಸೈಕಲ್ ಶಾಪ್, ಬಸ್ ಸ್ಟ್ಯಾಂಡ್ ಎದುರು, ಕುಣಿಗಲ್.

ಅಂಬುಜಮ್ಮ ಕಾರ್ಡನ್ನು ಮೂರು ಸಲ ಓದಿದಳು. ಮೈ ಉರಿಯಿತು. ಉರಿಯ ಹಿಂದೆಯೇ ಎಂಥದೋ ಒಂದು ಸಂತೋಷವೂ ಆಯಿತು. ತಾನು ಆಡಿದ ಮಾತನ್ನು ಒಬ್ಬರು ಕೂತು ಓದಿದ್ದಾರೆ, ತಪ್ಪು ಎಣಿಸಿದ್ದಾರೆ, ಯಾಕೆ ತಪ್ಪೆಂದು ಕಾರಣವನ್ನೂ ಕೊಟ್ಟಿದ್ದಾರೆ! ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವಳಿಗೆ ಇಂಥ ಗೌರವ ಸಿಕ್ಕಿದ್ದು ಇದೇ ಮೊದಲು. ಬೇಳೆ ಬೇಯಲು ಬಿಟ್ಟು ಅಲ್ಲೇ ಕೂತು ಐದಕ್ಕೂ ಉತ್ತರ ಬರೆದಳು, ಸಾಬರ ಆರು ತಪ್ಪುಗಳನ್ನೂ ಪಟ್ಟಿ ಮಾಡಿದಳು. ಅವತ್ತು ಬೇಳೆ ತಳ ಹಿಡಿಯಿತು.

ಅಲ್ಲಿಂದ ವಾರಕ್ಕೆರಡು ಕಾರ್ಡು ಬರುವುದು, ಎರಡು ಹೋಗುವುದು. ಎಮರ್ಜೆನ್ಸಿಯಲ್ಲಿ ರೈಲು ಗಂಟೆ ಹೊಡೆದ ಹಾಗೆ ಬರುತ್ತಿತ್ತು ಎಂದು ಅವಳು ಬರೆದರೆ, "ನಮ್ಮ ಕುಣಿಗಲ್ಲಿಗೆ ರೈಲೇ ಇಲ್ಲ, ಇಲ್ಲದ ರೈಲು ಟೈಮಿಗೆ ಬಂದರೆಷ್ಟು ಬಿಟ್ಟರೆಷ್ಟು" ಎಂದು ಅವರು. ಆಗ ತಿಂಗಳ ಒಂದನೇ ತಾರೀಕಿಗೇ ಸೀಮೆಎಣ್ಣೆ ಬರುತ್ತಿತ್ತು ಎಂದು ಅವಳು ಬರೆದರೆ, "ಜನರ ಬಾಯಿ ಹೊಲಿದು ಕೊಟ್ಟ ಸೀಮೆಎಣ್ಣೆಯಲ್ಲಿ ದೀಪ ಉರಿಯುತ್ತದೆ, ಬೆಳಕು ಬರುವುದಿಲ್ಲ" ಎಂದು ಅವರು. ಆ ಸಾಲಿಗೆ ಉತ್ತರ ಹುಡುಕಲು ಅವಳಿಗೆ ಮೂರು ದಿನ ಹಿಡಿಯಿತು. ಆ ಮೂರು ದಿನ ಅವಳಷ್ಟು ಸುಖಿ ಗುಬ್ಬಿಯಲ್ಲಿ ಇನ್ನೊಬ್ಬರಿರಲಿಲ್ಲ.

ಕಾರ್ಡೆಂದರೆ ಊರಿಗೆಲ್ಲ ಸೇರಿದ ಆಸ್ತಿ. ಕವರು ಒಡೆದು ಓದಿದರೆ ಪಾಪ, ಕಾರ್ಡು ಓದದೆ ಕೊಟ್ಟರೆ ದಡ್ಡತನ ಎಂದು ತಿಳಿದವನು ಪೋಸ್ಟ್‌ಮ್ಯಾನ್ ಏಕಾಂತಯ್ಯ. ಕುಣಿಗಲ್ ಕಾರ್ಡು ಬಂದ ದಿನ ಅವನು ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, ಕಾಫಿ ಕುಡಿದು, ಆಮೇಲೆ ಮನೆಗೆ ತಲುಪಿಸುತ್ತಿದ್ದ. ಗುಬ್ಬಿಯಿಂದ ಹೊರಡುವ ಕಾರ್ಡಿಗೆ ಮುದ್ರೆ ಹೊಡೆಯುವವನೂ ಅವನೇ ಆದದ್ದರಿಂದ ಉತ್ತರವೂ ಅಷ್ಟೇ ಸಾಂಗವಾಗಿ ಪಾರಾಯಣವಾಗುತ್ತಿತ್ತು. ಹೋಟೆಲ್ಲಿನಲ್ಲಿ ಎರಡು ಪಾರ್ಟಿಯಾಯಿತು. ಒಂದು ಮೇಷ್ಟ್ರ ಕಡೆ, ಇನ್ನೊಂದು ಸಾಬರ ಕಡೆ.

ಇದೊಂದೂ ತಿಳಿಯದ ಅನಂತರಾಮಯ್ಯನವರು ಸಂಜೆ ಬೀದಿಯಲ್ಲಿ ಬಂದರೆ ಜನ ಎದ್ದು ನಿಂತು ನಮಸ್ಕಾರ ಮಾಡತೊಡಗಿದರು. "ಸಾರ್, ರೈಲಿನ ಮಾತು ಭರ್ಜರಿ!" ಎಂದು ಒಬ್ಬ, "ಅದೇನ್ ಬರೀತೀರಾ ಸಾರ್" ಎಂದು ಇನ್ನೊಬ್ಬ. ಹೋಟೆಲ್ಲಿನವನು ಕಾಫಿಗೆ ಕಾಸು ತೆಗೆದುಕೊಳ್ಳುವುದನ್ನೇ ಬಿಟ್ಟ. ಮೇಷ್ಟ್ರು ಎಲ್ಲದಕ್ಕೂ ಹೂಂಗುಟ್ಟಿ ಮನೆಗೆ ಬಂದು, ಕೋಟು ಕಳಚದೆ ಕೇಳಿದರು.

"ಅಂಬುಜಾ, ನಾನು ಯಾರಿಗಾದ್ರೂ ಕಾರ್ಡು ಬರೀತಾ ಇದೀನೇನೇ?"

ಅಂಬುಜಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಟ್ರಂಕಿನಿಂದ ಕಾರ್ಡಿನ ಕಟ್ಟು ತೆಗೆದು ಮುಂದಿಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು.

"ಚೆನ್ನಾಗೇ ಬರೀತಿದೀನಿ," ಎಂದರು.

"ಬೈಯಲ್ವಾ?"

"ಯಾಕೆ ಬೈಲಿ? ಕಾಫಿ ಬಿಟ್ಟಿ ಸಿಗ್ತಾ ಇದೆ."

"ಹಾಗಾದ್ರೆ ಬರೀತಿರೋದು ನಾನು ಅಂತ ಯಾರಿಗೂ ಹೇಳ್ಬೇಡಿ. ಹೆಂಗಸು ಅಂತ ಗೊತ್ತಾದ್ರೆ ಸಾಬ್ರು ಮಾರನೇ ದಿನಕ್ಕೇ ಬರೆಯೋದು ನಿಲ್ಲಿಸಿಬಿಡ್ತಾರೆ."

ಮೇಷ್ಟ್ರು ಹೂಂ ಎಂದರು. ಅಂದಿನಿಂದ ಬೆಳಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ಇವತ್ತು ನಾನು ಏನಂದಿದೀನಿ?" ಎಂದು ಕೇಳುವುದು ರೂಢಿಯಾಯಿತು. ಅವಳು ಎರಡು ವಾಕ್ಯದಲ್ಲಿ ಹೇಳಿಕೊಡುತ್ತಿದ್ದಳು. ಅವರು ಅದನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತ ಹೋಗುತ್ತಿದ್ದರು. ಹೆಡ್‌ಮೇಷ್ಟ್ರು ಕೂಡ ದೇಶದ ಭವಿಷ್ಯದ ಬಗ್ಗೆ ಡ್ರಿಲ್ ಮೇಷ್ಟ್ರ ಅಭಿಪ್ರಾಯ ಕೇಳುವಂತಾಯಿತು.

ಎಲ್ಲ ಹೀಗೇ ನಡೆದಿದ್ದರೆ ಮೀಸೆಗೆ ಅಪಾಯವಿರಲಿಲ್ಲ. ಆದರೆ ಬರುವ ಜನವರಿಗೆ ರಾಜ್ಯದ ಚುನಾವಣೆ ಗೊತ್ತಾಯಿತು. ಎರಡೂ ಕಡೆಯ ಕಾರ್ಡುಗಳ ಅಕ್ಷರ ದಪ್ಪವಾಗುತ್ತ ಬಂತು. ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಸೀಮೆಎಣ್ಣೆ ಮುಗಿದು, ಹಸಿ ಸೌದೆ ಒಲೆಗೆ ತುರುಕಿ, ಊದಿ ಊದಿ ಅಂಬುಜಮ್ಮನ ಕಣ್ಣು ಕೆಂಡವಾಗಿದ್ದ ಹೊತ್ತಿಗೆ ಸರಿಯಾಗಿ ಏಕಾಂತಯ್ಯ ಕಾರ್ಡು ತಂದುಕೊಟ್ಟ. ಅದರ ಕೊನೆಯಲ್ಲಿತ್ತು: "ಸ್ವಾಮಿ, ದೇಶ ಆಳುವುದೆಂದರೆ ಒಲೆ ಹಚ್ಚಿದಷ್ಟು ಸುಲಭವಲ್ಲ. ಅದು ಮೀಸೆ ಇರುವವರ ಕೆಲಸ. ನಾವೂ ನೀವೂ ಗಂಡಸರು, ಒಳಗೊಳಗೆ ಒಪ್ಪಿಕೊಳ್ಳೋಣ."

ಒಲೆ ಹಚ್ಚುವುದು ಸುಲಭವಂತೆ! ಅಂಬುಜಮ್ಮ ಊದುಗೊಳವೆಯನ್ನು ನೆಲಕ್ಕೆ ಕುಕ್ಕಿದಳು. ಮಸಿ ಕೈಯಲ್ಲೇ ಹೊಸ ಕಾರ್ಡು ಎಳೆದುಕೊಂಡು ಬರೆದಳು. "ಒಲೆ ಹಚ್ಚುವುದು ಎಷ್ಟು ಸುಲಭವೆಂದು ಒಂದು ದಿನ ಹಸಿ ಸೌದೆಯಲ್ಲಿ ಹಚ್ಚಿ ನೋಡಿ ಆಮೇಲೆ ಮಾತಾಡಿ. ಮೀಸೆಯ ಮಾತು ತೆಗೆದವರು ನೀವು. ಆಗಲಿ, ಮೀಸೆಯ ಮೇಲೇ ಪಣ. ಕರ್ನಾಟಕದಲ್ಲಿ ಹಸ್ತ ಸೋತರೆ ನನ್ನ ಅರ್ಧ ಮೀಸೆ ಬೋಳಿಸುತ್ತೇನೆ. ಗೆದ್ದರೆ ನಿಮ್ಮದು ಬೋಳಿಸಬೇಕು. ಧೈರ್ಯವಿದ್ದರೆ ಒಪ್ಪಿ."

ಹೋಗಿ ಅಂಚೆ ಡಬ್ಬಕ್ಕೆ ಹಾಕಿ, ಮನೆಗೆ ಬಂದು, ಮುಖ ತೊಳೆದುಕೊಳ್ಳುವಾಗ ಅವಳಿಗೆ ಹೊಳೆಯಿತು. ತನಗೆ ಮೀಸೆಯಿಲ್ಲ.

ಓಡಿದಳು. ಕೆಂಪು ಡಬ್ಬದ ಬಾಯಿಗೆ ಕೈ ಹಾಕಿ ನೋಡಿದಳು, ಬಳೆ ಅಡ್ಡ ಬಂತು. ಬಳೆ ಮೊಣಕೈವರೆಗೆ ಏರಿಸಿ ಹಾಕಿದಳು, ಕೈ ಸಿಕ್ಕಿಕೊಂಡಿತು. ಹಾಗೆ ಸಿಕ್ಕಿಕೊಂಡಿರುವಾಗಲೇ ಏಕಾಂತಯ್ಯ ಬೀಗದ ಕೈ ಹಿಡಿದು ಬಂದ. ಕೈ ಬಿಡಿಸಿಕೊಟ್ಟು, ಡಬ್ಬ ತೆಗೆದು, ಕಾರ್ಡುಗಳನ್ನು ಗೋಣಿಚೀಲಕ್ಕೆ ಸುರಿಯುವಾಗ ಅವಳು ಗೋಗರೆದಳು.

"ಒಂದು ಕಾರ್ಡು ವಾಪಸ್ ಕೊಡಪ್ಪ. ನಮ್ಮನೆಯವರು ಏನೋ ತಪ್ಪು ಬರೆದುಬಿಟ್ಟಿದಾರೆ."

"ಡಬ್ಬಕ್ಕೆ ಬಿದ್ಮ್ಯಾಕೆ ಅದು ಸರ್ಕಾರದ್ದು ಕಣವ್ವ. ರೂಲ್ಸು," ಎಂದ ಏಕಾಂತಯ್ಯ. ಅಷ್ಟರಲ್ಲಿ ಅವನ ಕಣ್ಣು ರೂಢಿಯ ಬಲದಿಂದ ಕಾರ್ಡಿನ ಮೇಲೆ ಓಡಿಯಾಗಿತ್ತು. "ಅಯ್ಯಯ್ಯಪ್ಪಾ! ಮೇಷ್ಟ್ರು ಮೀಸೇನೇ ಮಡಗ್ಬುಟ್ಟವ್ರೆ!" ಎಂದು ಹೋಟೆಲ್ಲಿನ ಕಡೆ ಸೈಕಲ್ ತುಳಿದವನ ವೇಗ ನೋಡಿದ ಅಂಬುಜಮ್ಮನಿಗೆ, ಇನ್ನು ತನ್ನ ಕೈಯಲ್ಲಿ ಏನೂ ಇಲ್ಲವೆಂದು ತಿಳಿಯಿತು.

ಕುಣಿಗಲ್ಲಿನಿಂದ ಮರುಟಪಾಲಿನಲ್ಲೇ ಉತ್ತರ ಬಂತು. "ಒಪ್ಪಿದೆ. ಸೋತವರು ಒಂದು ತಿಂಗಳು ಅರ್ಧ ಮೀಸೆಯಲ್ಲೇ ಓಡಾಡಬೇಕು. ಗೆದ್ದವರು ಖುದ್ದಾಗಿ ಹೋಗಿ ಕಣ್ಣಾರೆ ನೋಡಬೇಕು."

ಕಾರ್ಡಿನ ವಿಷಯ ಒಪ್ಪಿಸಿದ್ದ ಅಂಬುಜಮ್ಮ ಪಣದ ವಿಷಯ ಮಾತ್ರ ಗಂಡನಿಗೆ ಹೇಳಲಿಲ್ಲ. ಹೇಳಬೇಕೆಂದು ದಿನಾ ಬಾಯಿ ತೆರೆಯುವಳು, ಅವರು ಕನ್ನಡಿಯ ಮುಂದೆ ನಿಂತು ಮೀಸೆಯ ತುದಿ ತೀಡುತ್ತಿರುವುದನ್ನು ನೋಡಿ ಮುಚ್ಚಿಕೊಳ್ಳುವಳು. ಹಸ್ತ ಸೋತ ದಾಖಲೆಯೇ ಈ ರಾಜ್ಯದಲ್ಲಿಲ್ಲ, ಗೆದ್ದರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಓಟಿನ ದಿನ ಇಬ್ಬರೂ ಜೊತೆಯಲ್ಲೇ ಹೋದರು. "ಹಸ್ತ ನೋಡ್ಕೊಂಡು ಸರಿಯಾಗಿ ಮುದ್ರೆ ಒತ್ತಿ," ಎಂದು ದಾರಿಯುದ್ದಕ್ಕೂ ಎಚ್ಚರಿಸಿದಳು. ಮೇಷ್ಟ್ರು ಹೂಂ ಎಂದರು.

ಹಸ್ತ ಸೋತಿತು. ರಾಜ್ಯ ಹುಟ್ಟಿದಾಗಿನಿಂದ ಸೋಲದ ಪಾರ್ಟಿ, ಅನಂತರಾಮಯ್ಯನವರ ಮೀಸೆ ಪಣಕ್ಕೆ ಬಿದ್ದ ವರ್ಷವೇ ಸೋಲಬೇಕೇ! ರೇಡಿಯೋದ ಮುಂದೆ ಕೂತಿದ್ದ ಅಂಬುಜಮ್ಮ ವಾರ್ತೆ ಮುಗಿದು ಕೃಷಿರಂಗ ಶುರುವಾದರೂ ಏಳಲಿಲ್ಲ. ಮೇಷ್ಟ್ರು ಸ್ಕೂಲಿನಿಂದ ಬಂದರು.

"ರೀ, ನಿಮ್ಮ ಅರ್ಧ ಮೀಸೆ ಸೋತುಬಿಟ್ಟೆ ಕಣ್ರೀ," ಎಂದು ಅತ್ತುಬಿಟ್ಟಳು.

ಮೇಷ್ಟ್ರು ಅವಳನ್ನು ನೋಡಿದರು. ಮೀಸೆ ಮುಟ್ಟಿ ನೋಡಿಕೊಂಡರು. "ಯಾವ ಕಡೇದು?" ಎಂದರು.

"ಅದನ್ನ ಬರೆದಿಲ್ಲ."

"ಹಾಗಾದ್ರೆ ಎಡಗಡೇದು ಕೊಡೋಣ. ಬಲಗಡೇದು ಸ್ವಲ್ಪ ದಪ್ಪ ಇದೆ."

ಅಂಬುಜಮ್ಮನಿಗೆ ಅಳುವಿನ ನಡುವೆಯೂ ಸಿಟ್ಟು ಬಂತು. "ತಮಾಷೆ ಮಾಡ್ಬೇಡಿ. ಇಪ್ಪತ್ತಾರನೇ ತಾರೀಕು ಪೆರೇಡು. ತಹಶೀಲ್ದಾರರ ಮುಂದೆ ಅರ್ಧ ಮೀಸೇಲಿ ಹೇಗ್ ನಡೀತೀರಾ? ಹುಡುಗರು ಇನ್ನು ನಿಮ್ಮ ಮಾತು ಕೇಳ್ತಾರಾ?"

"ಕೇಳಲ್ಲ," ಎಂದು ಮೇಷ್ಟ್ರು ಒಪ್ಪಿಕೊಂಡರು. "ಒಂದು ದಾರಿ ಇದೆ ಕಣೇ. ಬರೆದೋಳು ನೀನು ಅಂತ ಹೇಳಿಬಿಡೋಣ. ಹೆಂಗಸರ ಹತ್ರ ಮೀಸೆ ಯಾರು ಕೇಳ್ತಾರೆ? ಪಣ ಅಲ್ಲಿಗೇ ಬಿದ್ದುಹೋಗುತ್ತೆ," ಎಂದರು.

ದಾರಿಯೇನೋ ಸರಿಯಾಗಿಯೇ ಇತ್ತು. ಒಂದು ಮಾತು ಹೇಳಿದರೆ ಗಂಡನ ಮೀಸೆ ಉಳಿಯುತ್ತದೆ. ಆದರೆ ಆ ಒಂದು ಮಾತಿಗೆ ಸೋಮವಾರ, ಗುರುವಾರಗಳ ಕಾರ್ಡು ನಿಂತುಹೋಗುತ್ತದೆ. ಹನ್ನೊಂದು ಗಂಟೆಗೆ ಸೈಕಲ್ ಬೆಲ್ಲಿಗೆ ಕಿವಿಗೊಟ್ಟು ಕೂರುವುದಿಲ್ಲ, ಒಗ್ಗರಣೆ ಹಾಕುತ್ತ ಉತ್ತರ ಹೊಸೆಯುವುದಿಲ್ಲ. ಉಳಿಯುವುದು ಸಾರು, ಉಪ್ಪು, ಹೂಂ.

"ಅವರು ಬರೆಯೋದು ನಿಲ್ಲಿಸಿಬಿಟ್ರೆ ನನ್ನ ಹತ್ರ ಮಾತಾಡೋರು ಯಾರ್ರೀ?" ಎಂದಳು.

ಮೇಷ್ಟ್ರಿಗೆ ಈ ಪ್ರಶ್ನೆಗೆ ಹೂಂ ಎನ್ನಲು ಬರುವಂತಿರಲಿಲ್ಲ. ಎದ್ದು ಕೈಕಾಲು ತೊಳೆಯಲು ಹೋದರು.

ಭಾನುವಾರ ಬೆಳಗ್ಗೆ ಮುಖ್ತಾರ್ ಅಹಮದ್ ಸಾಬರು ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಗುಬ್ಬಿಗೆ ಬಂದಿಳಿದರು. ದಾರಿ ಕೇಳುವ ಕೆಲಸವೇ ಬೀಳಲಿಲ್ಲ. ಏಕಾಂತಯ್ಯ ಬಸ್ ಸ್ಟ್ಯಾಂಡಿನಲ್ಲೇ ಕಾದಿದ್ದ. ಅವನ ಹಿಂದೆ ಹೋಟೆಲ್ಲಿನ ಎರಡೂ ಪಾರ್ಟಿ, ಪಾರ್ಟಿಗಳ ಹಿಂದೆ ಪೆಟ್ಟಿಗೆ ಹಿಡಿದ ಕ್ಷೌರಿಕ ಅಂಜಿನಪ್ಪ. ಮದುವೆಯ ದಿಬ್ಬಣವೊಂದು ವಾಲಗವಿಲ್ಲದೆ ಬಂದಂತೆ ಎಲ್ಲರೂ ಮೇಷ್ಟ್ರ ಮನೆಯ ಜಗಲಿಗೆ ಬಂದರು.

ನಡುಮನೆಯ ಬಾಗಿಲ ಸಂದಿಯಿಂದ ಅಂಬುಜಮ್ಮ ಇಣುಕಿದಳು. ಒಂಬತ್ತು ತಿಂಗಳಿಂದ ಅವಳ ಕಣ್ಣಿಗೆ ಕಟ್ಟಿದ್ದದ್ದು ಆರಡಿಯ ಆಳು. ಬಂದವರು ಗಿಡ್ಡಕ್ಕೆ, ಸಣಕಲಾಗಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು, ಕೈಯಲ್ಲಿ ಬೇಕರಿಯ ಪೊಟ್ಟಣ ಹಿಡಿದಿದ್ದರು. ಮೀಸೆಯಂತೂ ಬೆಳಕಿಗೆ ಹಿಡಿದು ಹುಡುಕಬೇಕು, ಆ ಕಡೆ ಹತ್ತು ಕೂದಲು, ಈ ಕಡೆ ಹನ್ನೆರಡು. ಇದನ್ನು ಪಣಕ್ಕಿಟ್ಟು ನಮ್ಮವರದ್ದನ್ನು ಗೆದ್ದರಲ್ಲ ಎಂದು ಅವಳ ಹೊಟ್ಟೆ ಉರಿಯಿತು.

ಸಾಬರು ಮೇಷ್ಟ್ರ ಮೀಸೆ ನೋಡಿ ಗಾಬರಿಯಾದರು. "ಯಾ ಅಲ್ಲಾ, ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ ಸಾರ್. ನಾನು ಬಂದದ್ದು ಮೀಸೆಗಲ್ಲ. ನಿಮ್ಮನ್ನ ಒಂದ್ಸಲ ನೋಡಿ, ಮಾತಾಡ್ಬೇಕು ಅಂತ ಬಂದೆ. ನನ್ನ ಅಂಗಡಿಗೆ ಬರೋರೆಲ್ಲ ಗಾಳಿ ಹಾಕಿ, ಪಂಕ್ಚರ್ ಹಾಕಿ ಅಂತಾರೆ ಅಷ್ಟೇ. ನಿಮ್ಮ ಥರ ಎದುರು ವಾದ ಮಾಡೋರು ಇಡೀ ಕುಣಿಗಲ್ಲಲ್ಲೇ ಇಲ್ಲ."

"ಕೂತ್ಕೊಳ್ಳಿ," ಎಂದರು ಮೇಷ್ಟ್ರು. ಅವತ್ತು ಬೆಳಗ್ಗೆ ಹೆಂಡತಿ ಮತ್ತೆ ಅತ್ತ ಗಡಿಬಿಡಿಯಲ್ಲಿ ತಾವು ಏನೆಂದಿದ್ದೇವೆಂದು ಕೇಳಿಕೊಳ್ಳುವುದನ್ನು ಅವರು ಮರೆತಿದ್ದರು.

"ಸೋತ್ರೂ ನೀವು ಬದಲಾಗಲ್ಲ, ಗೊತ್ತು ನಂಗೆ," ಸಾಬರು ಉತ್ಸಾಹದಿಂದ ಮುಂದೆ ಸರಿದು ಕೂತರು. "ಆದ್ರೆ ಆ ಸೀಮೆಎಣ್ಣೆ ವಿಷಯ ನೋಡಿ. 'ಎಮರ್ಜೆನ್ಸೀಲಿ ರೇಷನ್ ಕಾರ್ಡಿಗೆ ಹತ್ತು ಲೀಟರ್ ಕೊಡ್ತಿದ್ರು' ಅಂತ ಬರೆದ್ರಲ್ಲ ನೀವು. ಹತ್ತು ಲೀಟರ್ ಎಲ್ಲಿ ಸಾರ್ ಕೊಟ್ರು? ಎಷ್ಟು ಸುಳ್ಳು!"

"ಹೂಂ," ಎಂದರು ಮೇಷ್ಟ್ರು.

"ಅಂದ್ರೆ ಸುಳ್ಳು ಅಂತ ಒಪ್ತೀರಾ?"

"ಹೂಂ."

ಸಾಬರ ಕಡೆಯವರು ಹೋ ಎಂದರು. ಬಾಗಿಲ ಹಿಂದೆ ಅಂಬುಜಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸುಮ್ಮನಿರಬೇಕು, ಇರಲೇಬೇಕು ಎಂದು ಹಲ್ಲು ಕಚ್ಚಿದಳು. ಮೀಸೆ ಹೋದರೂ ಸರಿ, ಕಾರ್ಡು ಉಳಿಯಲಿ ಎಂದು ಬೆಳಗ್ಗೆಯಷ್ಟೇ ನಾಚಿಕೆಯಿಲ್ಲದೆ ನಿರ್ಧಾರ ಮಾಡಿದ್ದಳು. ಆದರೆ ಆಡದ ಮಾತನ್ನು ಆಡಿದ್ದೇನೆಂದು ಹೇಳಿಸಿಕೊಂಡು, ಅದನ್ನು ಸುಳ್ಳೆಂದೂ ಒಪ್ಪಿಕೊಂಡು ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ಹತ್ತು ಅಂತ ಯಾರು ಬರೆದ್ರು?" ಬಾಗಿಲು ದಡಾರೆಂದು ತೆರೆಯಿತು. "ನಾನು ಬರೆದದ್ದು ಐದು! ತಿಂಗಳಿಗೆ ಐದು ಲೀಟರು, ಒಂದನೇ ತಾರೀಕಿಗೆ. ಜುಲೈ ತಿಂಗಳ ಕಾರ್ಡು ತೆಗೆದು ನೋಡಿ, ಕೆಳಗಿನಿಂದ ನಾಲ್ಕನೇ ಸಾಲು. ಆಮೇಲೆ ಮೂರಕ್ಕಿಳಿಸಿದ್ದು ನಿಮ್ಮ ನೇಗಿಲು ಹೊತ್ತ ರೈತನ ಗುರುತಿನ ಪಾರ್ಟಿಯವರು. ಕ್ಯೂನಲ್ಲಿ ನಿಂತೋಳು ನಾನು ರೀ, ನನಗೆ ಲೆಕ್ಕ ಹೇಳ್ಕೊಡ್ಬೇಡಿ! ಇನ್ನೊಬ್ಬರ ಮಾತನ್ನ ತಿರುಚಿ ಆಮೇಲೆ ಸುಳ್ಳು ಅನ್ನೋದು ಯಾವ ಸೀಮೆ ವಾದ?"

ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ ಉಸಿರು ತೆಗೆದುಕೊಂಡಾಗ ಜಗಲಿಯಲ್ಲಿ ಅಂಜಿನಪ್ಪ ಕತ್ತಿ ಮಸೆಯುವುದನ್ನು ನಿಲ್ಲಿಸಿದ್ದ. ಏಕಾಂತಯ್ಯ, ತಾನು ಓದಿದ, ಮೇಷ್ಟ್ರ ಹೆಸರಿನ ಎಪ್ಪತ್ತು ಕಾರ್ಡುಗಳನ್ನೂ ಮನಸ್ಸಿನಲ್ಲಿ ಮತ್ತೊಮ್ಮೆ ಓದುತ್ತಿರುವವನಂತೆ ಬಾಯಿ ತೆರೆದು ನಿಂತಿದ್ದ.

ಮುಖ್ತಾರ್ ಸಾಬರು ನಿಧಾನವಾಗಿ ಎದ್ದು ನಿಂತರು. "ನೀವಾ?" ಎಂದರು.

"ನಾನೇ," ಎಂದಳು ಅಂಬುಜಮ್ಮ.

ಸಾಬರು ಎರಡು ಕೈಯನ್ನೂ ಜೋಡಿಸಿದರು. "ಮಾಫ್ ಮಾಡಿ ತಾಯಿ. ಗಂಡಸರು ಅಂದ್ಕೊಂಡು ಬಾಯಿಗೆ ಬಂದದ್ದೆಲ್ಲ ಬರೆದೆ. ಒಲೆ ವಿಷಯ, ಮೀಸೆ ವಿಷಯ... ದೊಡ್ಡ ತಪ್ಪಾಯ್ತು. ನಿಮ್ಮ ಮಾತೇ ಸರಿ, ಐದು ಲೀಟರೇ ಇರ್ಬೇಕು."

ತಾಯಿ ಎಂದರು, ನಿಮ್ಮ ಮಾತೇ ಸರಿ ಎಂದರು. ಒಂಬತ್ತು ತಿಂಗಳಲ್ಲಿ ಸಾಬರು ಹೀಗೆ ಒಪ್ಪಿಕೊಂಡದ್ದೇ ಇಲ್ಲ. ಇನ್ನು ಮುಗಿಯಿತು ಎಂದುಕೊಂಡಳು ಅಂಬುಜಮ್ಮ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೀಸೆ ಇಲ್ದೋರ ತಾವ ಮೀಸೆ ಪಣ ಎಲ್ಲಾದ್ರೂ ಉಂಟೇನ್ರಪ್ಪಾ? ಬುಡಿ, ವಜಾ ಆಯ್ತು," ಎಂದು ಏಕಾಂತಯ್ಯ ತೀರ್ಪು ಕೊಟ್ಟ. ಎರಡೂ ಪಾರ್ಟಿ ನಿರಾಸೆಯಿಂದ ತಲೆಯಾಡಿಸಿತು.

ಆಗ ಅನಂತರಾಮಯ್ಯನವರು ಮುಂದೆ ಬಂದು ಅಂಜಿನಪ್ಪನ ಎದುರು ಕಲ್ಲಿನ ಮೇಲೆ ಕೂತರು. "ವಜಾ ಯಾಕೆ? ಅಷ್ಟು ದಿನ ಬಿಟ್ಟಿ ಕಾಫಿ ಕುಡಿದೋನು ನಾನು. ಗೆದ್ದಿದ್ರೆ ಸಾಬ್ರದ್ದು ಹೋಗ್ತಿತ್ತು. ವಿಸಲ್ ಊದಿದ ಮೇಲೆ ತಕರಾರು ಮಾಡಬಾರದು ಅಂತ ಹುಡುಗರಿಗೆ ಹೇಳ್ಕೊಡ್ತೀನಿ. ಎಡಗಡೇದು ತೆಗಿಯಪ್ಪ," ಎಂದರು. ಸಾಬರು ಬೇಡವೆಂದು ಕೈ ಹಿಡಿದರು, ಅಂಬುಜಮ್ಮ ಬೇಡವೆಂದು ಕೂಗಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೂತೇಬಿಟ್ಟರು.

ಇಪ್ಪತ್ತಾರರ ಪೆರೇಡಿನ ಕಥೆಯನ್ನು ಗುಬ್ಬಿಯಲ್ಲಿ ಬಹಳ ವರ್ಷ ಹೇಳುತ್ತಿದ್ದರು. ಮೇಷ್ಟ್ರ ಮುಖ ನೋಡಿದರೆ ನಗು ಬರುತ್ತದೆಂದು ನಾನೂರು ಹುಡುಗರೂ ತುಟಿ ಕಚ್ಚಿ, ಕತ್ತು ಬಿಗಿದು, ದೃಷ್ಟಿ ನೇರ ಇಟ್ಟು ನಡೆದರು. ಇಷ್ಟು ಶಿಸ್ತಿನ ಪೆರೇಡನ್ನು ತಾವು ಕಂಡೇ ಇಲ್ಲವೆಂದು ತಹಶೀಲ್ದಾರರು ಭಾಷಣದಲ್ಲಿ ಹೇಳಿದರು. ಹೇಳುವಾಗ ಅವರೂ ಮೇಷ್ಟ್ರ ಕಡೆ ನೋಡಲಿಲ್ಲ.

ಕುಣಿಗಲ್ಲಿನಿಂದ ಮಾತ್ರ ಕಾರ್ಡಿಲ್ಲ. ಸೋಮವಾರ ಹೋಯಿತು, ಗುರುವಾರ ಹೋಯಿತು, ಮತ್ತೆ ಸೋಮವಾರ. ಅಂಬುಜಮ್ಮ ಪತ್ರಿಕೆ ಬಿಡಿಸುವುದನ್ನೂ ಬಿಟ್ಟಳು. ಅಡಿಗೆಯೊಂದು ಅದ್ಭುತವಾಗಿ ಆಗುತ್ತಿತ್ತು, ತಳ ಹಿಡಿಯುವುದಕ್ಕೆ ಕಾರಣವೇ ಇರಲಿಲ್ಲವಲ್ಲ.

ಶನಿವಾರ ಸ್ಕೂಲು ಅರ್ಧ ದಿನ. ಮೇಷ್ಟ್ರು ಹನ್ನೊಂದಕ್ಕೇ ಮನೆಗೆ ಬಂದು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಉಳಿದ ಅರ್ಧ ಮೀಸೆಯನ್ನು ತಿರುವುತ್ತ ಬಹಳ ಹೊತ್ತು ಹಿಂದುಮುಂದು ನೋಡಿದರು.

"ಅಂಬುಜಾ, ಒಂದು ವಿಷಯ ಹೇಳ್ತೀನಿ. ಬೈಬಾರದು."

"ಹೇಳಿ."

"ನಾನು ಓಟು ಹಾಕಿದ್ದು ನೇಗಿಲು ಹೊತ್ತ ರೈತನಿಗೆ."

ಅಂಬುಜಮ್ಮ ಹೆಚ್ಚುತ್ತಿದ್ದ ಹುರುಳಿಕಾಯಿ ಕೆಳಗಿಟ್ಟಳು. "ಏನಂದ್ರಿ? ನಿಮ್ಮ ಮೀಸೆಗೆ ನೀವೇ ಕತ್ತಿ ಹಾಕಿದ್ರಾ? ಪಣ ಇದೆ ಅಂತ ಗೊತ್ತಿದ್ರೆ ಹಾಗೆ ಮಾಡ್ತಿದ್ರಾ?"

"ಗೊತ್ತಿತ್ತು. ಇಡೀ ಗುಬ್ಬಿಗೇ ಗೊತ್ತಿರೋದು ನನಗೆ ಗೊತ್ತಿರಲ್ವೇನೇ? ಏಕಾಂತಯ್ಯ ಮೊದಲು ಓದಿದ್ದೇ ನನ್ನ ಮುಂದೆ."

"ಮತ್ತೆ?"

"ಮೀಸೆ ಬೇರೆ, ಓಟು ಬೇರೆ."

ಇಪ್ಪತ್ತೆರಡು ವರ್ಷದಿಂದ ಸಾರಿನ ಬಗ್ಗೆಯೂ ಒಂದು ಅಭಿಪ್ರಾಯ ಹೇಳದ ಮನುಷ್ಯ! "ಕಾರಣ ಹೇಳಿ," ಎಂದಳು.

ಮೇಷ್ಟ್ರು ಹೊಸ್ತಿಲ ಮೇಲೇ ಕೂತರು. "ಎಮರ್ಜೆನ್ಸೀಲಿ ಮೇಷ್ಟ್ರುಗಳಿಗೆಲ್ಲ, ಮಕ್ಕಳಾಗದ ಹಾಗೆ ಮಾಡೋ ಆಪರೇಷನ್‌ಗೆ ಕೇಸು ತನ್ನಿ ಅಂತ ಹೇಳಿದ್ರು. ತಲೆಗೆ ಎರಡು. ತರದಿದ್ರೆ ಸಂಬಳ ಇಲ್ಲ. ನಾನು ತಂದೆ. ಒಬ್ಬ ನಮ್ಮ ಸ್ಕೂಲು ಜವಾನ ದಾಸಯ್ಯ. ಅವನಿಗಿನ್ನೂ ಒಂದೇ ಮಗು. ನನ್ನ ಮೀಸೆ ನೋಡಿ ಹೆದರಿ, ಇಲ್ಲ ಅನ್ನದೆ ಗಾಡಿ ಹತ್ತಿದ. ಆ ಮಗು ಮಾರನೇ ವರ್ಷ ಹೋಯ್ತು. ಇವತ್ತಿಗೂ ಅವನು ನನ್ನ ಮುಖ ನೋಡಲ್ಲ."

ಈ ಏಳು ವರ್ಷ ಈ ಮನುಷ್ಯ ಇದನ್ನು ಒಳಗಿಟ್ಟುಕೊಂಡು, ಎದುರಿಗೇ ಕೂತು ಉಂಡಿದ್ದಾನೆ. ತಾನು ಕುಣಿಗಲ್ಲಿನವರ ಜೊತೆ ರೈಲು, ಸೀಮೆಎಣ್ಣೆ ಎಂದು ವಾದ ಮಾಡಿಕೊಂಡಿದ್ದಳು. ಅಂಬುಜಮ್ಮನಿಗೆ ದುಃಖವೂ ಆಯಿತು, ನಾಚಿಕೆಯೂ ಆಯಿತು. ಆದರೆ ವಾದ ಬಿಟ್ಟುಕೊಡುವುದು ರಕ್ತದಲ್ಲಿರಲಿಲ್ಲ.

"ಅದು ದೆಹಲಿಯವರು ಮಾಡಿದ್ದಲ್ಲ ರೀ," ಎಂದಳು ಮೆಲ್ಲಗೆ. "ಕೆಳಗಿನವರು ಮಾಡಿದ್ದು."

"ಆ ಕೆಳಗಿನವನು ನಾನೇ ಕಣೇ," ಎಂದರು ಮೇಷ್ಟ್ರು.

ಹೊರಗೆ ಸೈಕಲ್ ಬೆಲ್ಲು ಕೇಳಿಸಿತು. "ಅವ್ವಾ, ಕುಣಿಗಲ್ ಕಾರ್ಡು! ಈ ಸಲ ನಿಮ್ ಹೆಸರಿಗೇ ಬಂದೈತೆ. ಮಾತು ಭಾರೀ ಖಾರವಾಗೈತೆ, ಓದ್ಲಾ?" ಎಂದು ಏಕಾಂತಯ್ಯ ಕೂಗಿದ.

"ಕಿಟಕೀಲಿಟ್ಟು ಹೋಗಪ್ಪ," ಎಂದಳು ಅಂಬುಜಮ್ಮ. "ನಾನೀಗ ನಮ್ಮನೆಯವರಿಗೆ ಉತ್ತರ ಕೊಡ್ಬೇಕು."

ಮಣೆ ಎಳೆದುಕೊಂಡು ಗಂಡನ ಎದುರಿಗೆ ಕೂತಳು. ಉತ್ತರ ಏನೆಂದು ಅವಳಿಗಿನ್ನೂ ಹೊಳೆದಿರಲಿಲ್ಲ.